ಮೂರು ಗುಂಡಿಯ ಕೋಟು, ಕ್ರೇಪ್ ಅಟ್ಟೆಯ ಬೂಟು: ಏಳು ವರ್ಷ ತೊಟ್ಟ ಮೇಲೆ

ಒಂದು ಅಂಗಿಯ ಬಗ್ಗೆ ಬರೆಯೋಣವೆಂದು ಕುಳಿತೆ. ಅದರ ಜೊತೆ ತೊಡುವ ಪ್ಯಾಂಟನ್ನು ಬಿಟ್ಟು ಅಂಗಿಯ ಮಾತು ಮುಗಿಯಲಿಲ್ಲ, ಬೂಟನ್ನು ಬಿಟ್ಟು ಪ್ಯಾಂಟಿನ ಮಾತೂ ಮುಗಿಯಲಿಲ್ಲ. ಹಾಗಾಗಿ ಇಡೀ ಕಪಾಟಿನ ವಿಮರ್ಶೆಯನ್ನೇ ಬರೆಯುತ್ತಿದ್ದೇನೆ. ದಾವಣಗೆರೆಯಿಂದ ಮ್ಯಾಂಚೆಸ್ಟರಿಗೆ ಕೆಲಸಕ್ಕೆ ಬಂದ ಮರುವರ್ಷ, 2018ರಲ್ಲಿ, ಮಾಡ್ ಶೈಲಿಯ ಉಡುಪುಗಳನ್ನು ಒಂದೊಂದಾಗಿ ಕೂಡಿಸತೊಡಗಿದೆ. ಏಳು ವರ್ಷಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೊಂಡಿದ್ದೇನೆ. ಇಂದಿಗೂ ಬಳಕೆಯಲ್ಲಿ ಉಳಿದಿರುವುದು ಹನ್ನೊಂದು. ಆ ಹನ್ನೊಂದೇ ನನ್ನ ಕಚೇರಿಗೂ ಹಬ್ಬಕ್ಕೂ ಸಾಕಾಗುತ್ತಿವೆ.

ಮಾಡ್ ಎಂದರೆ ಮಾಡರ್ನಿಸ್ಟ್ ಎಂಬುದರ ಮೊಟಕು. 1950ರ ದಶಕದ ಕೊನೆಯಲ್ಲಿ ಲಂಡನ್ನಿನ ಕೆಲವು ಹುಡುಗರು ಮಾಡರ್ನ್ ಜಾಝ್ ಕೇಳುತ್ತ, ಇಟಲಿಯ ದರ್ಜಿಗಳ ಕತ್ತರಿಗೆ ಮನಸೋತು, ಅಪ್ಪಂದಿರ ಜೋಲು ಕೋಟುಗಳನ್ನು ಬಿಟ್ಟರು. ಅವರಲ್ಲಿ ಬಹಳ ಮಂದಿ ಗುಮಾಸ್ತರು, ಅಂಗಡಿಗಳಲ್ಲಿ ದುಡಿಯುವವರು. ಸಂಬಳದ ದೊಡ್ಡ ಪಾಲನ್ನು ದರ್ಜಿಗೆ ಕೊಟ್ಟು ಬರುತ್ತಿದ್ದರು. ಗ್ಲಾಸ್ಗೋದಿಂದ ಬಂದ ಜಾನ್ ಸ್ಟೀಫನ್ ಎಂಬ ಯುವಕ ಲಂಡನ್ನಿನ ಕಾರ್ನಬಿ ಬೀದಿಯಲ್ಲಿ ಇಂಥವರಿಗಾಗಿಯೇ ಅಂಗಡಿಯ ಮೇಲೆ ಅಂಗಡಿ ತೆರೆದ. 1964ರಲ್ಲಿ ಕ್ಲ್ಯಾಕ್ಟನ್, ಬ್ರೈಟನ್ ಕಡಲತೀರಗಳಲ್ಲಿ ಮೋಟಾರ್‌ಸೈಕಲ್, ಚರ್ಮದ ಜಾಕೆಟಿನ ರಾಕರ್ ಹುಡುಗರೊಂದಿಗೆ ನಡೆದ ಹೊಡೆದಾಟದಿಂದ ಪತ್ರಿಕೆಗಳಲ್ಲಿ ಇವರ ಹೆಸರು ಕೆಟ್ಟಿತು. ನನಗೆ ಆ ಜಗಳದ ನೆನಪಿಗಿಂತ ಅವರ ಅಚ್ಚುಕಟ್ಟು ಮುಖ್ಯ. ಎದೆಯ ಮೇಲೆ ಗುರಿಹಲಗೆಯ ಬಿಲ್ಲೆ, ಬೆನ್ನ ಮೇಲೆ ಬ್ರಿಟಿಷ್ ಬಾವುಟ ಇದ್ದರೆ ಮಾಡ್ ಆಯಿತು ಎಂದು ಮಾರುವ ಅಂಗಡಿಗಳು ಇಂದೂ ಇವೆ. ಅವುಗಳಿಂದ ಕೊಂಡ ಮೂರೂ ವಸ್ತುಗಳನ್ನು ನಾನು ದಾನದ ಅಂಗಡಿಗೆ ಕೊಟ್ಟುಬಿಟ್ಟೆ. ನಾಟಕದ ಪೋಷಾಕನ್ನು ತೊಟ್ಟು ದಿನಾ ಟ್ರಾಮ್ ಹತ್ತಲಾಗುವುದಿಲ್ಲ.

ಮೊದಲು ಕೊಂಡದ್ದು ಫ್ರೆಡ್ ಪೆರಿ ಅಂಗಿ, ಎಂ12 ಎಂಬ ಮಾದರಿ, ಇಂಗ್ಲೆಂಡಿನಲ್ಲೇ ಹೊಲಿದದ್ದು. 1934, 1935, 1936ರಲ್ಲಿ ಸತತ ಮೂರು ಸಲ ವಿಂಬಲ್ಡನ್ ಗೆದ್ದ ಪೆರಿ ಹುಟ್ಟಿದ್ದು ಮ್ಯಾಂಚೆಸ್ಟರಿನ ಪಕ್ಕದ ಸ್ಟಾಕ್‌ಪೋರ್ಟಿನಲ್ಲಿ. ಆತನ ತಂದೆ ಹತ್ತಿಗಿರಣಿಯಲ್ಲಿ ನೂಲು ತೆಗೆಯುತ್ತಿದ್ದವರು. ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಊರಿನಲ್ಲಿ ಬೆಳೆದ ನನಗೆ ಈ ಸಂಗತಿ ಓದಿದ ದಿನವೇ ಆ ಅಂಗಿ ಹತ್ತಿರದ್ದೆನಿಸಿತು. 1952ರಲ್ಲಿ ಟೆನಿಸ್ ಅಂಗಣಕ್ಕೆಂದು ಬಂದ ಅಂಗಿ ಅದು. ಬೆಳಗಿನವರೆಗೆ ಕುಣಿದರೂ ಮುದುಡದ ಅಂಗಿ ಬೇಕಾಗಿದ್ದ ಮಾಡ್ ಹುಡುಗರು ಕತ್ತಿನವರೆಗೆ ಗುಂಡಿ ಹಾಕಿ ಅದನ್ನು ತಮ್ಮದಾಗಿಸಿಕೊಂಡರು. ನಾನೂ ಹಾಗೆಯೇ ಹಾಕುತ್ತೇನೆ. ಮೇಲಿನ ಗುಂಡಿ ಬಿಚ್ಚಿದ ಕೂಡಲೇ ಅದು ಬೇರೆಯೇ ಅಂಗಿಯಾಗಿ ಕಾಣುತ್ತದೆ.

ಬಟ್ಟೆ ಪಿಕೆ ಹೆಣಿಗೆಯದು; ಹತ್ತಿರದಿಂದ ನೋಡಿದರೆ ಜೇನುಹಲ್ಲೆಯಂತೆ ಸಣ್ಣ ಸಣ್ಣ ಉಬ್ಬುಗಳು. ಅದಕ್ಕೇ ಬೆವರಿದರೂ ಮೈಗೆ ಅಂಟುವುದಿಲ್ಲ. ಎಂ12 ತುಸು ಸಡಿಲ ಕತ್ತರಿಯದು, ಎದೆಯ ಅಳತೆಗೆ ಬಿಗಿಯಾದದ್ದನ್ನೇ ಆರಿಸಿಕೊಳ್ಳಿ. ಮೂರಿವೆ. ಕಪ್ಪು ಅಂಗಿಯನ್ನು ಮೊದಲ ವರ್ಷ ಡ್ರೈಯರಿಗೆ ಹಾಕಿದ್ದು ನನ್ನ ತಪ್ಪು, ಕಾಲರಿನ ತುದಿ ಸುರುಟಿಕೊಂಡು ಮತ್ತೆ ನೆಟ್ಟಗಾಗಲಿಲ್ಲ. ಉಳಿದೆರಡನ್ನು ಒಳಮೈ ಹೊರಗೆ ಮಾಡಿ, 30 ಡಿಗ್ರಿ ನೀರಿನಲ್ಲಿ ಒಗೆದು, ನೆರಳಿನಲ್ಲಿ ಹರಡಿ ಒಣಗಿಸುತ್ತೇನೆ. ಕಾಲರಿನ ಎರಡು ಗೆರೆಗಳು ಇವತ್ತಿಗೂ ಗೀಟು ಹಾಕಿದ ಹಾಗಿವೆ.

ಇನ್ನು ಡೆಸರ್ಟ್ ಬೂಟು. ಬೂಟು ತಯಾರಿಸುವ ಕ್ಲಾರ್ಕ್ಸ್ ಸಂಸ್ಥೆಯ ಕುಟುಂಬದ ನೇಥನ್ ಕ್ಲಾರ್ಕ್ 1941ರಲ್ಲಿ ಸೈನ್ಯದ ಕೆಲಸದ ಮೇಲೆ ಬರ್ಮಾದಲ್ಲಿದ್ದಾಗ, ಉತ್ತರ ಆಫ್ರಿಕಾದಿಂದ ಬಂದ ಅಧಿಕಾರಿಗಳ ಕಾಲಿನಲ್ಲಿ ಕೈರೋ ಪೇಟೆಯಲ್ಲಿ ಮಾಡಿಸಿದ ಸ್ವೀಡ್, ಅಂದರೆ ಮಖಮಲ್ಲಿನಂತೆ ನವಿರಾದ ಚರ್ಮದ ಬೂಟುಗಳನ್ನು ಕಂಡ. ಆ ನೆನಪಿನಿಂದ ಹುಟ್ಟಿದ ಬೂಟು 1950ರಲ್ಲಿ ಮಾರುಕಟ್ಟೆಗೆ ಬಂತು. ಮೇಲ್ಭಾಗಕ್ಕೆ ಎರಡೇ ತುಂಡು ಚರ್ಮ, ಲೇಸಿಗೆ ಎರಡು ಜೊತೆ ತೂತು, ಕೆಳಗೆ ಕ್ರೇಪ್ ಎಂಬ ರಬ್ಬರಿನ ಅಟ್ಟೆ. ಇಷ್ಟರ ಮೇಲೆ ಒಂದೂ ಹೆಚ್ಚಿಲ್ಲ.

ಅಗ್ಗಕ್ಕೆ ಆಸೆಪಟ್ಟು ನಾನು ಮೊದಲು ಬೇರೊಂದು ಕಡೆ ಕೊಂಡ ಜೋಡಿಗೆ ಕ್ರೇಪಿನ ಬಣ್ಣ ಬಳಿದ ಕೃತಕ ಅಟ್ಟೆ ಹಾಕಿದ್ದರು. ಐದು ತಿಂಗಳಿಗೆ ಬೆರಳು ಮಡಿಯುವ ಕಡೆ ಅಡ್ಡಕ್ಕೆ ಸೀಳಿತು. ಎರಡನೆಯ ಜೋಡಿ ಅಸಲಿ ಕ್ರೇಪಿನದು. ಆರು ವರ್ಷದಲ್ಲಿ ಎರಡು ಸಲ ಅಟ್ಟೆ ಬದಲಾಯಿಸಿದ್ದೇನೆ, ಮೇಲಿನ ಚರ್ಮ ನನ್ನ ಪಾದದ ಅಚ್ಚಿನಂತಾಗಿದೆ. ಸುಳ್ಯ, ಪುತ್ತೂರಿನ ಕಡೆ ರಬ್ಬರ್ ತೋಟ ಇರುವವರಿಗೆ ಕ್ರೇಪಿನ ಸ್ವಭಾವವನ್ನು ನಾನು ಹೇಳಬೇಕಾಗಿಲ್ಲ. ಅದು ಮರದ ಹಾಲೇ. ಬಿಸಿಗೆ ಮೆತ್ತಗಾಗುತ್ತದೆ, ಧೂಳನ್ನು ಎಳೆದುಕೊಳ್ಳುತ್ತದೆ, ಅಂಚು ಕಪ್ಪಗಾಗುತ್ತದೆ. ನೆನೆದ ಬೂಟನ್ನು ಹೀಟರಿನ ಪಕ್ಕ ಇಡಬೇಡಿ. ಒದ್ದೆಯಾದ ನುಣುಪು ಕಲ್ಲಿನ ಮೇಲೆ ಕ್ರೇಪ್ ಜಾರುತ್ತದೆ, ಮ್ಯಾಂಚೆಸ್ಟರಿನಲ್ಲಿ ಒದ್ದೆಯಾಗದ ಕಲ್ಲು ಅಪರೂಪ. ಮಳೆಯ ದಿನ ನಾನು ಬೇರೆ ಜೋಡು ಮೆಟ್ಟುತ್ತೇನೆ. ಸ್ವೀಡಿಗೆ ನೀರು ತಡೆಯುವ ಸ್ಪ್ರೇ ಹೊಡೆದು, ವಾರಕ್ಕೊಮ್ಮೆ ಬ್ರಷ್ ಆಡಿಸಿದರೆ ಸಾಕು. ಒಣಗಿದ ಕೆಸರನ್ನು ಮಾತ್ರ ಬ್ರಷ್ ಮಾಡಬೇಕು, ಹಸಿ ಕೆಸರನ್ನು ಮುಟ್ಟಿದರೆ ಚರ್ಮದೊಳಕ್ಕೆ ಇಳಿದುಬಿಡುತ್ತದೆ.

ಹ್ಯಾರಿಂಗ್ಟನ್ ಜಾಕೆಟ್ ಎಂದು ಎಲ್ಲರೂ ಕರೆಯುವ, ಸೊಂಟದವರೆಗಿನ ಜಿಪ್ ಜಾಕೆಟ್ ಬರಾಕುಟಾ ಜಿ9 ಇದೇ ಊರಿನ ಕೂಸು. 1937ರಲ್ಲಿ ಮಿಲ್ಲರ್ ಸಹೋದರರು ಬರಾಕುಟಾ ಸಂಸ್ಥೆಯನ್ನು ಇಲ್ಲಿ ಆರಂಭಿಸಿದರು. ಜಿ ಎಂದರೆ ಗಾಲ್ಫ್. ಒಳಗಿನ ಕೆಂಪು ಚೌಕುಳಿ ಅಸ್ತರು ಸ್ಕಾಟ್ಲೆಂಡಿನ ಫ್ರೇಸರ್ ಕುಲದ್ದು, ಕುಲದ ಹಿರಿಯ ಲಾರ್ಡ್ ಲೊವಾಟರ ಒಪ್ಪಿಗೆ ಪಡೆದು ಬಳಸಿದ್ದು. ಹ್ಯಾರಿಂಗ್ಟನ್ ಎಂಬ ಹೆಸರು ಆಮೇಲೆ ಅಮೆರಿಕದ ಟಿವಿ ಧಾರಾವಾಹಿಯೊಂದರ ಪಾತ್ರದಿಂದ ಬಂದು ಅಂಟಿಕೊಂಡಿತು. ನನ್ನದು ಓಲ್ಡಮ್ ಬೀದಿಯ ಹಳೆಬಟ್ಟೆ ಅಂಗಡಿಯಲ್ಲಿ ಸಿಕ್ಕ ತಿಳಿಗಂದು ಬಣ್ಣದ್ದು. ಇದರ ಬೆನ್ನನ್ನು ನೋಡಬೇಕು: ಹೆಗಲಿನಿಂದ ಇಳಿದ ಪದರದ ಅಂಚು ಬಿಚ್ಚಿದ ಕೊಡೆಯ ಅಂಚಿನ ಹಾಗೆ ಕಮಾನು ಕಮಾನಾಗಿದೆ, ಮಳೆನೀರು ಪ್ಯಾಂಟಿನ ಮೇಲೆ ಸುರಿಯದೆ ಆಚೆ ತೊಟ್ಟಿಕ್ಕಲೆಂದು. ಜಡಿಮಳೆಗೆ ಇದು ತಡೆಯುವುದಿಲ್ಲ, ತುಂತುರಿಗೆ ಸಾಕು. ಬೆಂಗಳೂರಿನಲ್ಲಿರುವ ಗೆಳೆಯರು ಇಂಥ ಕಪಾಟನ್ನು ಎಲ್ಲಿಂದ ಶುರುಮಾಡಲಿ ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಜೂನಿನ ಸಂಜೆಗೂ ಜನವರಿಯ ಬೆಳಗಿಗೂ ಹೇಳಿ ಮಾಡಿಸಿದಂತಿದೆ.

ಬೇಸಿಗೆಗೆ ಮದ್ರಾಸ್ ಚೌಕುಳಿಯ ಅಂಗಿಗಳು, ಕಾಲರಿನ ತುದಿಗೆ ಗುಂಡಿ ಇರುವಂಥವು. ನಮ್ಮ ನೆರೆಯ ಮಗ್ಗದ ಬಟ್ಟೆ ಅಮೆರಿಕದ ಕಾಲೇಜು ಹುಡುಗರ ಮೈಮೇಲೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದದ್ದು. ಮೊದಲ ಒಂದೆರಡು ಒಗೆತದಲ್ಲಿ ಬಣ್ಣ ಬಿಟ್ಟೀತು, ತಣ್ಣೀರಿನಲ್ಲಿ ಬೇರೆಯಾಗಿ ಅದ್ದಿಡಿ. ಜಾನ್ ಸ್ಮೆಡ್ಲಿ ಎಂಬ, 1784ರಿಂದ ಡರ್ಬಿಶೈರಿನ ಲೀ ಮಿಲ್ಸಿನಲ್ಲಿ ಹೆಣೆಯುತ್ತ ಬಂದಿರುವ ಸಂಸ್ಥೆಯ ತೆಳು ಉಣ್ಣೆಯ ಅಂಗಿ ಒಂದಿದೆ. ಕೋಟಿನೊಳಗೆ ಅದಕ್ಕಿಂತ ಚೆನ್ನಾಗಿ ಕೂರುವುದನ್ನು ನಾನು ಕಂಡಿಲ್ಲ. ಅದಕ್ಕೆ ನನ್ನ ಮನೆಯ ಕಪಾಟಿನಲ್ಲಿ ಬಟ್ಟೆಹುಳ ಬಿದ್ದು ಎರಡು ತೂತಾದವು. ಈಗ ಉಣ್ಣೆಯದೆಲ್ಲವನ್ನೂ ಒಗೆದು, ಚೀಲದಲ್ಲಿ ಬಿಗಿದು, ಎರಡು ವಾರ ಫ್ರೀಜರಿನಲ್ಲಿಟ್ಟು ಆಮೇಲೆ ಒಳಗಿಡುತ್ತೇನೆ. ಪಾರ್ಕಾ ಎಂಬ ಟೋಪಿಯುಳ್ಳ ಉದ್ದ ಕೋಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದ ಸೈನ್ಯದ ಎಂ-51 ಅದು. ಸ್ಕೂಟರಿನಲ್ಲಿ ಹೋಗುವಾಗ ಸೂಟಿಗೆ ಎಣ್ಣೆ, ಕೆಸರು ತಗಲದಿರಲೆಂದು ಮಾಡ್‌ಗಳು ಮೇಲೆ ಹಾಕಿಕೊಳ್ಳುತ್ತಿದ್ದರು. ನನ್ನ ಬಳಿ ಸ್ಕೂಟರಿಲ್ಲ, ಅದಕ್ಕೆ ಮಾರಿಬಿಟ್ಟೆ.

ಕಪಾಟಿನ ಜೀವ ಸೂಟಿನಲ್ಲಿದೆ. ಮೊದಲು ಸಿದ್ಧ ಉಡುಪಿನದೊಂದನ್ನು ಕೊಂಡೆ. ಮೂರು ಗುಂಡಿ, ಕಿರಿದಾದ ಲೆಪಲ್ (ಎದೆಯ ಮೇಲೆ ಮಡಚಿದ ಕೋಟಿನ ಅಂಚು), ನೋಡಲು ಎಲ್ಲ ಸರಿ. ನಾಲ್ಕನೆಯ ಡ್ರೈಕ್ಲೀನಿಂಗಿಗೆ ಎದೆಯ ಮೇಲೆ ಬಟ್ಟೆ ಹಪ್ಪಳದಂತೆ ಗುಳ್ಳೆ ಎದ್ದಿತು. ಒಳಗಿನ ಪದರವನ್ನು ಹೊಲಿಯದೆ ಅಂಟಿಸಿದ್ದರು, ಅಂಟು ಬಿಟ್ಟಿತು. ಅಂಥದ್ದಕ್ಕೆ ರಿಪೇರಿ ಇಲ್ಲ.

ದಾವಣಗೆರೆಯಲ್ಲಿ ನನ್ನ ಸೋದರಮಾವನಿಗೆ ಹೊಲಿಗೆ ಅಂಗಡಿಯಿದೆ, ನಲವತ್ತು ವರ್ಷದ್ದು. 2020ರ ಜನವರಿಯಲ್ಲಿ ಊರಿಗೆ ಹೋಗುವಾಗ ಉಣ್ಣೆ ಬಟ್ಟೆಗೆ ಹೆಸರಾದ ಇಂಗ್ಲೆಂಡಿನ ಹಡ್ಡರ್ಸ್‌ಫೀಲ್ಡಿನಿಂದ ಮೂರೂವರೆ ಮೀಟರ್ ಬಟ್ಟೆ ಒಯ್ದೆ. ಉಣ್ಣೆಯ ಜೊತೆ ಅಂಗೋರಾ ಮೇಕೆಯ ಮೊಹೇರ್ ಸೇರಿದ್ದು, ಹಾಸಿನ ನೂಲು ಕಡುನೀಲಿ, ಹೊಕ್ಕಿನ ನೂಲು ತಾಮ್ರದ ಬಣ್ಣ. ರೇಷ್ಮೆ ಸೀರೆಯಲ್ಲಿ ಡಬಲ್ ಶೇಡ್ ಎನ್ನುತ್ತೇವಲ್ಲ, ಅದೇ ಬಗೆ. ಡೊರ್ಮೆ ಸಂಸ್ಥೆ 1957ರಲ್ಲಿ ಟೋನಿಕ್ ಎಂಬ ಹೆಸರಿನಲ್ಲಿ ತಂದ ಮೊಹೇರ್ ಬಟ್ಟೆಯಿಂದಾಗಿ ಮಿಂಚುವ ಇಂಥ ಬಟ್ಟೆಗೆಲ್ಲ ಮಾಡ್‌ಗಳ ನಡುವೆ ಟಾನಿಕ್ ಎಂಬ ಹೆಸರೇ ನಿಂತಿತು. ಮಾವ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಸುಕಿ ಬಿಟ್ಟರು. ಸುಕ್ಕು ತಾನಾಗಿಯೇ ಬಿಚ್ಚಿಕೊಂಡಿತು. “ಇದಕ್ಕೆ ಕತ್ತರಿ ಹಾಕುವ ಮೊದಲು ಯೋಚಿಸಬೇಕಪ್ಪ,” ಎಂದರು.

1960ರ ದಶಕದ ಚಿತ್ರಗಳನ್ನು ಮೊಬೈಲಿನಲ್ಲಿ ತೋರಿಸಿದೆ. ಅವರ ಕಣ್ಣು ಮೊದಲು ಹೋದದ್ದು ಸ್ಕೂಟರಿನ ಮೇಲೆ. “ಇದು ನಮ್ಮ ವಿಜಯ್ ಸೂಪರ್ ಇದ್ದ ಹಾಗಿದೆಯಲ್ಲೋ!” ಇದ್ದ ಹಾಗೇನು, ಅದೇ ವಂಶ. ಚಿತ್ರದಲ್ಲಿದ್ದ ಲ್ಯಾಂಬ್ರೆಟ್ಟಾ ಸ್ಕೂಟರನ್ನು ತಯಾರಿಸುತ್ತಿದ್ದ ಇಟಲಿಯ ಇನೊಚೆಂಟಿ ಕಾರ್ಖಾನೆಯ ಯಂತ್ರಗಳನ್ನು ಕೊಂಡು ತಂದು ಲಖನೌದ ಸ್ಕೂಟರ್ಸ್ ಇಂಡಿಯಾ ವಿಜಯ್ ಸೂಪರನ್ನು ಮಾಡಿತು. ಆಮೇಲೆ ಕನ್ನಡಕ ಹಾಕಿಕೊಂಡು ಕೋಟುಗಳನ್ನು ನೋಡಿದರು, ಒಂದೊಂದನ್ನೂ ದೊಡ್ಡದು ಮಾಡಿ. ಬದಿಗಳಲ್ಲಿ ಎಂಟು ಇಂಚಿನ ಎರಡು ಸೀಳು, ಎರಡೂಕಾಲು ಇಂಚಿನ ಲೆಪಲ್, ಪ್ಯಾಂಟಿನ ಕೆಳಸುತ್ತು ಹದಿನೈದು ಇಂಚು, ಬೂಟಿನ ಮೇಲೆ ಬಟ್ಟೆ ಮಡಿಯದೆ ನಿಲ್ಲಬೇಕು. ಎಲ್ಲವನ್ನೂ ಅಳತೆ ಪುಸ್ತಕದಲ್ಲಿ ಬರೆದುಕೊಂಡರು.

ಹನ್ನೆರಡು ದಿನದಲ್ಲಿ ಮೂರು ಟ್ರಯಲ್. ಎರಡನೆಯದರಲ್ಲಿ ಕಚ್ಚಾ ಹೊಲಿಗೆಯ ಕೋಟು ತೊಡಿಸಿ, ಹಿಂದೆ ನಿಂತು, ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಬಲ ಹೆಗಲಿನ ಮೇಲೆ ಚಾಕಿನಿಂದ ಒಂದು ಗೆರೆ ಎಳೆದರು. “ಬ್ಯಾಗು ಯಾವ ಹೆಗಲಿಗೆ ಹಾಕುತ್ತೀಯ?” “ಬಲಗಡೆಗೆ, ಮಾವ.” “ಕಾಲು ಇಂಚು ಇಳಿದಿದೆ. ನಿನ್ನ ಸಿದ್ಧ ಕೋಟಿಗೆ ಇದು ಗೊತ್ತಾಗಲಿಕ್ಕಿಲ್ಲ.” ಆ ಹೆಗಲೊಳಗೆ ತೆಳುವಾದ ಇನ್ನೊಂದು ಪದರ ಇಟ್ಟು ಹೊಲಿದರು. ಎದೆಗೆ ಅಂಟಿಲ್ಲ, ಕ್ಯಾನ್ವಾಸನ್ನು ಕೈಯಿಂದಲೇ ಹೊಲಿದದ್ದು. ಟ್ರಾಮಿನಲ್ಲಿ ಹಿಡಿಕೆ ಹಿಡಿದು ನಿಲ್ಲುತ್ತೇನೆಂದು ಹೇಳಿದ್ದಕ್ಕೆ, ಕೈ ಎತ್ತಿ ನಿಲ್ಲಿಸಿ ಕಂಕುಳಿನ ಸುತ್ತನ್ನು ಮತ್ತೆ ಕತ್ತರಿಸಿದರು. ಇಂದಿಗೂ ಕೈ ಎತ್ತಿದರೆ ಕೋಟಿನ ಮುಂಭಾಗ ಅಲ್ಲಾಡುವುದಿಲ್ಲ.

ಐದು ವರ್ಷ ಕಳೆದಿದೆ. ಮೊಣಕೈಯಲ್ಲಿ ಹೊಳಪು ತುಸು ಹೆಚ್ಚಿದೆ, ಒಂದು ಕಾಜಾ ಬಿಚ್ಚಿ ಮತ್ತೆ ಹೊಲಿಸಿದ್ದೇನೆ. ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಡ್ರೈಕ್ಲೀನಿಂಗಿಗೆ ಕೊಡುವುದಿಲ್ಲ. ತೊಟ್ಟ ರಾತ್ರಿ ಅಗಲವಾದ ಮರದ ಹ್ಯಾಂಗರಿಗೆ ತೂಗುಹಾಕಿ ಬ್ರಷ್ ಮಾಡುತ್ತೇನೆ, ಮರುದಿನ ತೊಡುವುದಿಲ್ಲ. ಇಸ್ತ್ರಿಯನ್ನು ನೇರವಾಗಿ ಮುಟ್ಟಿಸದೆ ಒದ್ದೆ ಬಟ್ಟೆಯ ಮೇಲಿಂದ ಆಡಿಸಬೇಕು. ಎಲ್ಲ ದರ್ಜಿಗಳಿಗೂ ಈ ಕತ್ತರಿ ಒಗ್ಗುವುದಿಲ್ಲ. ಮಾಡಿಸುವವರು ಚಿತ್ರವನ್ನಷ್ಟೇ ತೋರಿಸದೆ ಇಂಚುಗಳನ್ನು ಹೇಳಿ, ಟ್ರಯಲ್ ಇಲ್ಲದೆ ಹೊಲಿಯುತ್ತೇನೆ ಎನ್ನುವವರ ಬಳಿ ಬಟ್ಟೆ ಬಿಟ್ಟುಬರಬೇಡಿ.

ಹೋದ ತಿಂಗಳು ಪ್ಯಾಂಟಿನ ಸೊಂಟ ಬಿಗಿಯಾಯಿತು. ಇಲ್ಲಿನ ರಿಪೇರಿ ಅಂಗಡಿಯ ಹೆಂಗಸು ಹಿಂಬದಿಯ ಹೊಲಿಗೆಯನ್ನು ತಿರುಗಿಸಿ ನೋಡಿ, ಒಳಗೆ ಬಿಟ್ಟಿದ್ದ ಬಟ್ಟೆಯನ್ನು ಬೆರಳಿನಿಂದ ಅಳೆದು, ಇದನ್ನು ಹೊಲಿದವರು ಯಾರು ಎಂದು ಕೇಳಿದಳು. ಮಾವ ಎರಡು ಬದಿಗೂ ಒಂದೊಂದು ಇಂಚು ಒಳಗೆ ಬಿಟ್ಟಿದ್ದರು. ಅರ್ಧ ಇಂಚು ಬಿಡಿಸಿಕೊಂಡು ಬಂದಿದ್ದೇನೆ; ಇನ್ನರ್ಧ ಹಾಗೆಯೇ ಒಳಗಿದೆ.