ಅಂಬಾಸಿಡರ್ ಹೆಡ್ ಬಿಗಿ ಮಾಡಲು ಯಾವ ಟಾರ್ಕ್ ವ್ರೆಂಚ್? ಮುಳ್ಳಿನದು, ಕ್ಲಿಕ್ಕಿನದು, ಡಿಜಿಟಲ್

ಹಳೇ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಕೂರಿಸಲು ನಾನು ಈ ಮೂರು ಬಗೆಯ ಟಾರ್ಕ್ ವ್ರೆಂಚನ್ನೂ, ಅಂದರೆ ನಟ್ಟನ್ನು ಎಷ್ಟು ಬಲದಿಂದ ಬಿಗಿ ಮಾಡುತ್ತಿದ್ದೇವೆ ಎಂದು ತಿಳಿಸುವ ಪಾನಾಗಳನ್ನು, ಬಳಸಿ ನೋಡಿದ್ದೇನೆ. ಹೆಡ್ ಕೆಲಸಕ್ಕೆ ನನ್ನ ಓಟು, ಎಳೆದಂತೆ ಸ್ಕೇಲಿನ ಮೇಲೆ ಮುಳ್ಳು ಸರಿದು ಅಂಕಿ ತೋರಿಸುವ ಮುಳ್ಳಿನದಕ್ಕೇ. ಮೂರರಲ್ಲಿ ಅಗ್ಗದ್ದೂ ಅದೇ.

ಕಾರಣ ಹೇಳುತ್ತೇನೆ. ಇದು ಬ್ರಿಟನ್ನಿನ ಬಿಎಂಸಿ ಕಂಪನಿ ವಿನ್ಯಾಸದ ಬಿ-ಸೀರೀಸ್ ಎಂಜಿನ್. ಹೆಡ್ಡನ್ನು ಹಿಡಿದಿರುವುದು ಬ್ಲಾಕ್‌ನಲ್ಲಿ ಕೂತಿರುವ 11 ಸ್ಟಡ್‌ಗಳು (ಎರಡೂ ತುದಿಗೆ ಥ್ರೆಡ್ ಇರುವ ಕಂಬಿಗಳು), ಅವುಗಳ ಮೇಲೆ ನಟ್. ಇಷ್ಟು ವರ್ಷದಲ್ಲಿ ಯಾರ್‍ಯಾರು ಎಷ್ಟೆಷ್ಟು ಬಿಗಿ ಮಾಡಿದ್ದಾರೋ ಗೊತ್ತಿರುವುದಿಲ್ಲ, ಅಲ್ವಾ? ಚೆನ್ನಾಗಿರುವ ಸ್ಟಡ್ ಆದರೆ ನಟ್ ತಿರುಗಿದಂತೆಲ್ಲ ಮುಳ್ಳು ಏರುತ್ತಾ ಹೋಗುತ್ತದೆ. ನಟ್ ತಿರುಗುತ್ತಲೇ ಇದ್ದು ಮುಳ್ಳು ಮಾತ್ರ ನಿಂತಲ್ಲೇ ನಿಂತರೆ, ಸ್ಟಡ್ ಹಿಗ್ಗುತ್ತಿದೆ ಇಲ್ಲವೇ ಬ್ಲಾಕ್‌ನ ಥ್ರೆಡ್ ಕಿತ್ತು ಬರುತ್ತಿದೆ ಎಂದೇ ಅರ್ಥ. ಅಲ್ಲೇ ಕೈ ಬಿಡಬೇಕು. ಕ್ಲಿಕ್ ವ್ರೆಂಚ್ ಇದನ್ನು ತೋರಿಸುವುದಿಲ್ಲ. ಅದು ಸೆಟ್ ಮಾಡಿದ ಅಂಕಿ ಬರುವವರೆಗೆ ಸುಮ್ಮನಿರುತ್ತದೆ, ನಾವು ಕ್ಲಿಕ್‌ಗೆ ಕಾಯುತ್ತಾ ಎಳೆಯುತ್ತಲೇ ಇರುತ್ತೇವೆ.

ಮುಳ್ಳಿನದರ ತೊಂದರೆ ಎಂದರೆ ನೇರವಾಗಿ ಮೇಲಿನಿಂದ ನೋಡಬೇಕು. ಓರೆಯಾಗಿ ನೋಡಿದರೆ ಅಂಕಿ ತಪ್ಪುತ್ತದೆ. ಡ್ಯಾಶ್ ಬದಿಯ ಹಿಂದಿನ ನಟ್‌ಗಳಿಗೆ ಬಾನೆಟ್ ಒಳಗೆ ಬಗ್ಗಿಕೊಂಡು ಎಳೆಯುವುದು, ಓದುವುದು ಎರಡೂ ಕಷ್ಟ. ಆಗ ಇನ್ನೊಬ್ಬರು ಮುಳ್ಳು ನೋಡುತ್ತಿದ್ದರೆ ಒಳ್ಳೆಯದು.

ಕ್ಲಿಕ್ಕಿನದು ಬೇಗ ಕೆಲಸ ಮುಗಿಸುತ್ತದೆ, ಕಣ್ಣಿಗೆ ಕಾಣದ ಜಾಗದಲ್ಲೂ ನಡೆಯುತ್ತದೆ. ಆದರೆ ಅದರ ಒಳಗಿರುವುದು ಸ್ಪ್ರಿಂಗ್. ಕೆಲಸ ಮುಗಿದ ಮೇಲೆ ಸ್ಕೇಲಿನ ಕೆಳಗಿನ ಅಂಕಿಗೆ ತಂದಿಡಬೇಕು, ಆಗಾಗ ಚೆಕ್ ಮಾಡಿಸಬೇಕು. ದೊಡ್ಡ ವ್ರೆಂಚ್ ತಂದು ಅದರ ಸ್ಕೇಲಿನ ತಳದ ಭಾಗದಲ್ಲಿ ಹೆಡ್ ಬಿಗಿ ಮಾಡಬೇಡಿ, ಅಲ್ಲಿ ನಂಬಿಕೆ ಕಡಿಮೆ. ಕ್ಲಿಕ್ ಆದ ಮೇಲೆ ಖಾತ್ರಿಗೆ ಅಂತ ಇನ್ನೊಮ್ಮೆ ಎಳೆಯುವ ಅಭ್ಯಾಸವೂ ಬೇಡ.

ಡಿಜಿಟಲ್‌ನಲ್ಲಿ ನನಗೆ ಇಷ್ಟವಾದದ್ದು ಒಂದೇ. ಹಳೇ ಮ್ಯಾನ್ಯುಯಲ್ ಪೌಂಡ್-ಅಡಿ ಲೆಕ್ಕದಲ್ಲಿರುತ್ತದೆ, ಇದರಲ್ಲಿ ಯೂನಿಟ್ ಬದಲಿಸಿಕೊಂಡರೆ ಸಾಕು. ಬೇರೆಯದರಲ್ಲಿ ಪೌಂಡ್-ಅಡಿ ಸ್ಕೇಲ್ ಇಲ್ಲದಿದ್ದರೆ 1.356ರಿಂದ ಗುಣಿಸಿ ನ್ಯೂಟನ್-ಮೀಟರ್‌ಗೆ ತರಬೇಕು. ಅಷ್ಟಕ್ಕಾಗಿ ಅಷ್ಟು ದುಡ್ಡು ಜಾಸ್ತಿಯೇ.

ಯಾವುದೇ ವ್ರೆಂಚ್ ಇರಲಿ, ಥ್ರೆಡ್ ಕೊಳೆಯಾಗಿದ್ದರೆ ಅಂಕಿಗೆ ಬೆಲೆ ಇಲ್ಲ. ನಾವು ಹಾಕುವ ಬಲದಲ್ಲಿ ಸುಮಾರು ಹತ್ತನೇ ಒಂದು ಪಾಲು ಮಾತ್ರ ಸ್ಟಡ್ಡನ್ನು ಎಳೆದು ಹಿಡಿಯುತ್ತದೆ, ಉಳಿದದ್ದು ಉಜ್ಜಾಟಕ್ಕೇ ಹೋಗುತ್ತದೆ. ಥ್ರೆಡ್‌ಗೆ ಎಣ್ಣೆ ಹಚ್ಚಬೇಕೋ ಬೇಡವೋ ಎನ್ನುವುದನ್ನು ಮ್ಯಾನ್ಯುಯಲ್ ನೋಡಿಯೇ ತೀರ್ಮಾನಿಸಿ, ಏಕೆಂದರೆ ಒಣ ಥ್ರೆಡ್‌ಗೆ ಕೊಟ್ಟ ಅಂಕಿಯನ್ನು ಎಣ್ಣೆ ಹಚ್ಚಿದ ಥ್ರೆಡ್‌ಗೆ ಹಾಕಿದರೆ ಸ್ಟಡ್ ಮೇಲೆ ಎಳೆತ ತುಂಬಾ ಜಾಸ್ತಿಯಾಗುತ್ತದೆ. ನಡುವಿನಿಂದ ಹೊರಕ್ಕೆ ಹೋಗುತ್ತಾ ಮೂರು ಸುತ್ತಿನಲ್ಲಿ ಬಿಗಿ ಮಾಡಿ.

ಎಂಜಿನ್ ಕಾದು ಆರಿದ ಮೇಲೆ ಮತ್ತೆ ಬಿಗಿ ನೋಡುವಾಗಲೂ ಮುಳ್ಳಿನದೇ ವಾಸಿ. ಕೂತ ನಟ್ ಮೊದಲು ಅಂಟಿಕೊಂಡು ಹಿಡಿಯುತ್ತದೆ, ಆಮೇಲೆ ಸರಿಯುತ್ತದೆ. ಮುಳ್ಳು ಒಮ್ಮೆ ಏರಿ ಇಳಿಯುವುದು ಕಾಣುತ್ತದೆ. ಕ್ಲಿಕ್ಕಿನದು ಮೊದಲ ಹಿಡಿತಕ್ಕೇ ಕ್ಲಿಕ್ ಅಂದುಬಿಡುತ್ತದೆ. ಅದಕ್ಕೇ ಒಂದೊಂದೇ ನಟ್ ಸ್ವಲ್ಪ ಸಡಿಲಿಸಿ ಮತ್ತೆ ಅಂಕಿಗೆ ತನ್ನಿ. ಈ ಎಂಜಿನ್ನಿನಲ್ಲಿ ರಾಕರ್ (ವಾಲ್ವ್ ಒತ್ತುವ ಸಣ್ಣ ತೋಳು) ಬ್ರಾಕೆಟ್‌ನ 4 ನಟ್‌ಗಳು ಹೆಡ್ಡನ್ನೂ ಹಿಡಿದಿರುವುದರಿಂದ, ಕೊನೆಗೆ ಟ್ಯಾಪೆಟ್ ಗ್ಯಾಪ್ (ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದು) ಮತ್ತೆ ಸೆಟ್ ಮಾಡಲೇಬೇಕು.