ಕ್ಯಾಂಟನ್‌ನ ಹಾಲ್ ಆಫ್ ಫೇಮ್: ಡೀಕನ್ ಜೋನ್ಸ್ ಅಭಿಮಾನಿಗಳಿಗೆ

ಒಹಾಯೊದ ಕ್ಯಾಂಟನ್‌ನಲ್ಲಿರುವ ಈ ಅಮೆರಿಕನ್ ಫುಟ್‌ಬಾಲ್ ಮ್ಯೂಸಿಯಂನಲ್ಲಿ ಕಂಚಿನ ಪ್ರತಿಮೆಗಳ ಸಾಲೇ ಮುಖ್ಯ ಆಕರ್ಷಣೆ. 1980ರಲ್ಲಿ ಗೌರವ ಪಡೆದ ರಕ್ಷಣಾ ಆಟಗಾರ ಡೀಕನ್ ಜೋನ್ಸ್ ಅವರ ಮುಖವೂ ಅಲ್ಲಿದೆ. ಆದರೆ ಎದುರಾಳಿಗಳು ನಡುಗಿದ್ದು ಅವರ ಕೈಗೆ. ಚೆಂಡು ಕದಲಿದೊಡನೆ ಎದುರಿನವನ ಹೆಲ್ಮೆಟ್‌ನ ಪಕ್ಕಕ್ಕೆ ಅಂಗೈ ಅಪ್ಪಳಿಸುತ್ತಿದ್ದರು. ಅವನು ಕಣ್ಣು ಮುಚ್ಚಿ ತಲೆ ತಿರುಗಿಸುವಷ್ಟರಲ್ಲಿ ದಾಟಿ, ಚೆಂಡು ಎಸೆಯುವ ಆಟಗಾರನಾದ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವುತ್ತಿದ್ದರು. 1977ರಲ್ಲಿ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಆದ ಎನ್‌ಎಫ್‌ಎಲ್ ಆ ಹೊಡೆತವನ್ನೇ ನಿಷೇಧಿಸಿತು. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ 1961ರ ಡ್ರಾಫ್ಟ್‌ನ 14ನೇ ಸುತ್ತಿನವರೆಗೂ ಇಂಥವರನ್ನು ಯಾರೂ ಆರಿಸಿರಲಿಲ್ಲ!

ಅಧಿಕೃತ ಪಟ್ಟಿಯಲ್ಲಿ ಅವರ ಸ್ಯಾಕ್‌ಗಳನ್ನು, ಅಂದರೆ ಎಸೆಯುವ ಮುನ್ನವೇ ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದ ಲೆಕ್ಕವನ್ನು, ಹುಡುಕಬೇಡಿ. ಲೀಗ್ ಅವನ್ನು ಎಣಿಸತೊಡಗಿದ್ದು 1982ರಿಂದ, ಅವರ ಕೊನೆಯ ಸೀಸನ್ 1974. ಹಾಗಾಗಿ ಅವರ ತಂಡವಾಗಿದ್ದ ರ‍್ಯಾಮ್ಸ್‌ನ ಹಳೆಯ ಪಂದ್ಯಗಳ ವಿಡಿಯೊ ನೋಡಿಕೊಂಡೇ ಹೋಗಿ. ಚೆಂಡನ್ನು ಬಿಟ್ಟು, ರಕ್ಷಣಾ ಸಾಲಿನ ಎಡತುದಿಯ 75ನೇ ನಂಬರ್ ಮೇಲೆ ಕಣ್ಣಿಡಿ.