ಕ್ಯಾರಿಲ್ ಚರ್ಚಿಲ್ ‘ಶಾರ್ಟ್ಸ್’: ಮನಸ್ಸಲ್ಲೇ ಓದಿದ್ರೆ ಅರ್ಧ ದುಡ್ಡು ವೇಸ್ಟು

ಇಂಗ್ಲೆಂಡಿನ ನಾಟಕಕಾರ್ತಿ ಕ್ಯಾರಿಲ್ ಚರ್ಚಿಲ್ ಅಂದ್ರೆ ನಂಗೂ ‘ಟಾಪ್ ಗರ್ಲ್ಸ್’, ‘ಕ್ಲೌಡ್ ನೈನ್’ ಅನ್ನೋ ನಾಟಕಗಳು ಇಷ್ಟೇ ಗೊತ್ತಿದ್ದಿದ್ದು. ಈ ಬುಕ್ ತಗೊಂಡಿದ್ದು ಚಿಕ್ಕಚಿಕ್ಕ ನಾಟಕ, ಬೇಗ ಮುಗಿಯತ್ತೆ ಅನ್ನೋ ಸೋಮಾರಿತನಕ್ಕೆ. ನಿಕ್ ಹರ್ನ್ ಅನ್ನೋ ಪ್ರಕಾಶಕರು 1990ರಲ್ಲಿ ತಂದಿದ್ದು, ಒಟ್ಟು ಹತ್ತು ನಾಟಕ, ರೇಡಿಯೋದು ಟಿವಿದು ಸ್ಟೇಜಿಂದು ಎಲ್ಲಾ ಒಟ್ಟಿಗೆ ಹಾಕಿದಾರೆ.

1972ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಲ್ಲಿ ಇವ್ರ ‘ಓನರ್ಸ್’ ನಾಟಕ ಆಡೋಕೆ ಮುಂಚೆ ಹತ್ತು ವರ್ಷ ಇವ್ರು ಜಾಸ್ತಿ ಬರೆದಿದ್ದೇ ಬಿಬಿಸಿ ರೇಡಿಯೋಗೆ. ಮನೇಲಿ ಮೂರು ಗಂಡುಮಕ್ಳು ಬೇರೆ. ಆ ಹತ್ತು ವರ್ಷದ ಪಳಗಿದ ಕೈ ಏನು ಅಂತ ಈ ಬುಕ್ಕಲ್ಲಿ ಕಾಣತ್ತೆ.

‘ನಾಟ್ ನಾಟ್ ನಾಟ್ ನಾಟ್ ನಾಟ್ ಎನಫ್ ಆಕ್ಸಿಜನ್’ ಅಂತ ಒಂದಿದೆ, ಹೆಸ್ರು ಟೈಪ್ ಮಾಡೋಷ್ಟರಲ್ಲೇ ನಂಗೆ ಏದುಸಿರು ಬಂತು. 1971ರಲ್ಲಿ ಬರೆದಿದ್ದು ಆದ್ರೆ ಕಥೆ ನಡೆಯೋದು 2010ರ ಲಂಡನ್ನಲ್ಲಿ, ಹೊರಗೆ ಗಾಳಿ ಕೆಟ್ಟುಹೋಗಿದೆ, ಎತ್ತರದ ಬಿಲ್ಡಿಂಗಿನ ಒಂದು ರೂಮಲ್ಲಿ ಮೂರು ಜನ, ಆಕ್ಸಿಜನ್ ಬಾಟ್ಲು ತಂದು ಸ್ಪ್ರೇ ಮಾಡ್ಕೋತಾರೆ. ಅದ್ರಲ್ಲಿ ವಿವಿಯನ್ ಅನ್ನೋಳು ಒಂದೇ ಪದನ ಮತ್ತೆಮತ್ತೆ ಹೇಳ್ತಾ ತಡವರಿಸ್ತಾಳೆ. ಮೊದ್ಲು ಓದ್ದಾಗ ಪ್ರಿಂಟ್ ಮಿಸ್ಟೇಕ್ ಇರ್ಬೇಕು ಅನ್ಕೊಂಡೆ! ಆಮೇಲೆ ಬಾಯ್ಬಿಟ್ಟು ಓದಿದ್ರೆ ನಿಜವಾಗ್ಲೂ ಉಸಿರು ಸಾಲಲ್ಲ. ರೇಡಿಯೋಲಿ ಹೊಗೆ ತೋರ್ಸಕ್ಕಾಗಲ್ವಲ್ಲ, ಅದಕ್ಕೇ ಮಾತಿಗೇ ಉಬ್ಬಸ ಹಿಡಿಸಿಬಿಟ್ಟಿದಾರೆ.

‘ತ್ರೀ ಮೋರ್ ಸ್ಲೀಪ್‌ಲೆಸ್ ನೈಟ್ಸ್’ ಸ್ಟೇಜಿಗೆ ಬರೆದಿದ್ದು, 1980. ಆದ್ರೂ ನಂಗೆ ಇದು ಪಕ್ಕಾ ಕಿವಿ ನಾಟಕ. ಹಾಸಿಗೆ ಮೇಲೆ ಗಂಡ ಹೆಂಡ್ತಿ, ಮಧ್ಯರಾತ್ರಿ ಜಗಳ, ಒಬ್ರ ಮಾತು ಮುಗಿಯೋಕೆ ಬಿಡದೆ ಇನ್ನೊಬ್ರು ಬಾಯಿ ಹಾಕ್ತಾರೆ. ಎಲ್ಲಿ ಬಾಯಿ ಹಾಕ್ಬೇಕು ಅಂತ ಸಾಲಿನ ನಡುವೆ ಒಂದು ಓರೆ ಗೆರೆ ಎಳೆದಿರ್ತಾರೆ, ‘ಟಾಪ್ ಗರ್ಲ್ಸ್’ ಓದಿದವ್ರಿಗೆ ಈ ಗೆರೆ ಗೊತ್ತಿರತ್ತೆ. ನಾನು ಫ್ರೆಂಡ್ ಜೊತೆ ಕೂತು ಓದೋಕೆ ಟ್ರೈ ಮಾಡ್ದೆ, ಗೆರೆ ಬಂದ ತಕ್ಷಣ ಶುರು ಮಾಡು ಅಂದ್ರೆ ಅವ್ಳು ಪಾಪ ಮರ್ಯಾದೆಯಿಂದ ನಾನು ಮುಗ್ಸೋವರ್ಗೂ ಕಾಯ್ತಾಳೆ, ನಾಲ್ಕನೇ ಸಲಕ್ಕೆ ಸರಿಯಾಯ್ತು, ಆಗ ಅದು ಜಗಳ ಥರಾನೇ ಕೇಳಿಸ್ತು. ಎರಡನೇ ಸೀನಲ್ಲಿ ಇದ್ರ ಉಲ್ಟಾ: ಬೇರೆ ಜೋಡಿ, ಇಬ್ರ ನಡುವೆ ಮಾತುಕತೆನೇ ಇಲ್ಲ, ಅವನು ಪಾಡಿಗೆ ಸಿನಿಮಾ ಕಥೆ ಹೇಳ್ತಿರ್ತಾನೆ, ಅವಳು ಒಳಗೊಳಗೇ ಕುಸಿದುಹೋಗ್ತಿರ್ತಾಳೆ. ಕಿರುಚಾಟಕ್ಕಿಂತ ಇದೇ ಹೆದರಿಸ್ತು.

ಎಲ್ಲಾ ಒಂದೇ ಲೆವೆಲ್ಲಲ್ಲಿಲ್ಲ. ಟಿವಿಗೆ ಬರೆದ ‘ದಿ ಆಫ್ಟರ್ ಡಿನ್ನರ್ ಜೋಕ್’ ತುಂಡುತುಂಡು ಸೀನು, ಓದೋಕೆ ಬೋರು. ‘ಹಾಟ್ ಫಡ್ಜ್’ ಪರ್ವಾಗಿಲ್ಲ. ಆಲ್ಜೀರಿಯಾದ ಆಸ್ಪತ್ರೇಲಿ ನಡೆಯೋ ‘ದಿ ಹಾಸ್ಪಿಟಲ್ ಅಟ್ ದಿ ಟೈಮ್ ಆಫ್ ದಿ ರೆವಲ್ಯೂಷನ್’ ಮಾತ್ರ ಜಬರ್ದಸ್ತು, 1972ರಲ್ಲಿ ಬರೆದಿದ್ದನ್ನ 2013ರ ತನಕ ಯಾರೂ ಸ್ಟೇಜಿಗೆ ತರ್ಲಿಲ್ವಂತೆ, ಯಾಕೋ.

ಒಂದೇ ಕಂಪ್ಲೇಂಟು, 1962ರ ಮೊದಲ ರೇಡಿಯೋ ನಾಟಕ ‘ದಿ ಆಂಟ್ಸ್’ ಇದ್ರಲ್ಲಿಲ್ಲ. ಐದಕ್ಕೆ ನಾಲ್ಕು ಸ್ಟಾರ್. ತಗೊಳೋರು ಜೊತೇಲಿ ಓದೋಕೆ ಒಬ್ರನ್ನ ಹುಡುಕಿಟ್ಕೊಳ್ಳಿ, ಮಧ್ಯದಲ್ಲಿ ಬಾಯಿ ಹಾಕೋ ಅಭ್ಯಾಸ ಇರೋರಾದ್ರೆ ಇನ್ನೂ ಒಳ್ಳೇದು.